ಭರಣಿಯ ಮಿಡಿ, ದಾರಿಯ ಮುಟ್ಟಿದರೆ ಮುನಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿಗೆ ಉಪ್ಪು ಹಾಕುವುದನ್ನು ನೀವು ನೋಡಿರುತ್ತೀರಿ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ನೀರು ಒಂದು ಹನಿಯೂ ಇಲ್ಲ. ಆದರೂ ಕೆಲವು ದಿನದಲ್ಲಿ ಮಿಡಿ ನೀರು ಬಿಡುತ್ತದೆ, ಚಿರುಟಿಕೊಳ್ಳುತ್ತದೆ. ಕೋಶದ ಭೌತಶಾಸ್ತ್ರ, ಅಂದರೆ ಸೆಲ್ಯುಲರ್ ಬಯೋಫಿಸಿಕ್ಸ್, ನನಗೆ ಅರ್ಥವಾಗಲು ಆ ಭರಣಿಯೇ ಬೇಕಾಯಿತು.

ಬಿಎಸ್ಸಿಯಲ್ಲಿ ನಾನು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳು. ಗಣಿತ ಯಾವತ್ತೋ ಬಿಟ್ಟುಹೋಗಿತ್ತು. ಎಂಎಸ್ಸಿಗೆಂದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಬಂದಾಗ ಈ ವಿಷಯ ಎದುರಾಯಿತು. ಮೊದಲ ಪಾಠವೇ ಸ್ಕ್ವಿಡ್‌ನದ್ದು. ಕರಾವಳಿಯವರು ಬೊಂಡಾಸ ಅಂತಾರಲ್ಲ, ಅದು. ಅದರ ಮೈಯಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ನರದೆಳೆ ಇದೆ. ಅದರೊಳಗೆ ತಂತಿ ತೂರಿಸಿ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ವಿದ್ಯುತ್ತು ಅಳೆದರು. 1952ರಲ್ಲಿ ಅದಕ್ಕೆ ಸಮೀಕರಣ ಬರೆದರು. 1963ರಲ್ಲಿ ನೊಬೆಲ್ ಬಂತು. ಬೋರ್ಡಿನ ತುಂಬ ಎನ್, ಎಂ, ಎಚ್ ಅಕ್ಷರಗಳು. ಎಲ್ಲವನ್ನೂ ಬರೆದುಕೊಂಡೆ, ಬಾಯಿಪಾಠ ಮಾಡಿದೆ. ತಲೆಗೆ ಹತ್ತಲಿಲ್ಲ.

ಹಾಸ್ಟೆಲ್ ದಾರಿಯ ಪಕ್ಕ ಮುಟ್ಟಿದರೆ ಮುನಿ ಹಬ್ಬಿತ್ತು. ಒಂದು ಸಂಜೆ ಸುಮ್ನೆ ಬೆರಳು ತಾಗಿಸಿದೆ. ಎಲೆ ಮಡಚಿತು, ತೊಟ್ಟೂ ಬಾಗಿತು. ಚಿಕ್ಕಂದಿನಿಂದ ನೋಡಿದ್ದೇ. ಇದು ಹೇಗಾಗುತ್ತದೆ ಅಂತ ಕೇಳಿಕೊಂಡದ್ದು ಮಾತ್ರ ಅವತ್ತೇ.

ತೊಟ್ಟಿನ ಬುಡದಲ್ಲಿ ಪುಟ್ಟ ಗಂಟಿದೆ. ಅದರ ಕೋಶಗಳಲ್ಲಿ ನೀರು ಒತ್ತಿ ತುಂಬಿರುತ್ತದೆ, ಗಾಳಿ ಹೊಡೆದ ಸೈಕಲ್ ಟ್ಯೂಬಿನ ಹಾಗೆ. ಎಲೆ ಮುಟ್ಟಿದ ಸುದ್ದಿ ಬಂದ ಕೂಡಲೇ ಗಂಟಿನ ಕೆಳಭಾಗದ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ನುಗ್ಗುತ್ತವೆ. ಇವೂ ಉಪ್ಪೇ. ಅವು ಹೋದಲ್ಲಿಗೆ ನೀರೂ ಹೋಗುತ್ತದೆ. ಕೋಶ ಸೊರಗುತ್ತದೆ, ತೊಟ್ಟು ಜೋತುಬೀಳುತ್ತದೆ. ಇದು ಭರಣಿಯದೇ ಕತೆ ಅಲ್ವಾ? ಅಲ್ಲಿ ಉಪ್ಪು ಹೊರಗಿಟ್ಟವರು ನಾವು. ಇಲ್ಲಿ ಗಿಡ ತಾನೇ ಹೊರಗೆ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ಆದರೆ ನಾನು ಮುಟ್ಟಿದ್ದು ಎಲೆಯ ತುದಿಯನ್ನು. ಗಂಟಿಗೆ ಗೊತ್ತಾದದ್ದು ಹೇಗೆ? ಉಪ್ಪಿನ ಕಣವೇ ಅಲ್ಲಿವರೆಗೆ ನಡೆದುಹೋಯಿತೇ? ರೂಮಿಗೆ ಬಂದು ಲೆಕ್ಕ ಹಾಕಿದೆ. ನೀರಿನಲ್ಲಿ ಪೊಟ್ಯಾಸಿಯಂ ಕಣ ಅತ್ತಿತ್ತ ಅಲೆಯುತ್ತಲೇ ಸಾಗುತ್ತದೆ. ಮಿಲಿಮೀಟರಿನ 100ನೇ ಒಂದು ಭಾಗ ದೂರಕ್ಕೆ ಸೆಕೆಂಡಿನ 40ನೇ ಒಂದು ಭಾಗ ಸಾಕು. ಆದರೆ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು. ಹಾಗಾಗಿ ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ! ಮೂರು ಸಲ ಲೆಕ್ಕ ಮಾಡಿದೆ. ಮೂರು ಸಲವೂ ಅಷ್ಟೇ ಬಂತು.

ಗಿಡವಂತೂ ಕಣ್ಣೆದುರೇ ಮಡಚುತ್ತದೆ. ಅಂದಮೇಲೆ ಬೇರೆ ದಾರಿ ಇರಲೇಬೇಕು. ಅದೇ ವಿದ್ಯುತ್ತು. ಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದು ತೆರೆದರೆ ಉಪ್ಪಿನ ಕಣ ದಾಟಿ ಅಲ್ಲಿನ ವಿದ್ಯುತ್ತು ಬದಲಾಗುತ್ತದೆ, ಅದರಿಂದ ಪಕ್ಕದ್ದೂ ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು. ಯಾವ ಕಣವೂ ದೂರ ಹೋಗಬೇಕಿಲ್ಲ. ಸುದ್ದಿ ಮಾತ್ರ ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಓಡುತ್ತದೆ. ಆ ರಾತ್ರಿ ನೋಟ್ಸ್ ಮತ್ತೆ ಬಿಚ್ಚಿದೆ. ಎನ್, ಎಂ, ಎಚ್ ಅಂದರೆ ನರದ ಬಾಗಿಲುಗಳು ಎಷ್ಟು ತೆರೆದಿವೆ ಅನ್ನುವ ಲೆಕ್ಕ, ಅಷ್ಟೇ. ಎಷ್ಟು ಖುಷಿಯಾಯಿತು ಅಂದರೆ, ರೂಮಿನ ಗೆಳತಿಯನ್ನು ಎಬ್ಬಿಸಿ ಹೇಳಿದೆ.

ಈ ವಿಷಯ ಓದುತ್ತಿರುವ ತಮ್ಮ ತಂಗಿಯರೇ, ಸಮೀಕರಣ ಕಂಡು ಹೆದರಬೇಡಿ. ಅದಕ್ಕೆ ಒಂದು ದೂರ, ಒಂದು ಸಮಯ ಹಾಕಿ ಕೈಯಾರೆ ಬಿಡಿಸಿ. ಉತ್ತರ ಬಂದಮೇಲೆ ಹೊರಗೆ ಹೋಗಿ ಗಿಡ ನೋಡಿ.

ಈ ಸಲ ಮಿಡಿ ಹಾಕುವಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಉಪ್ಪು ಕಮ್ಮಿ ಆದ್ರೆ ಮಿಡಿ ಕೆಡುತ್ತೆ ಅಂತ ಅಜ್ಜಿ ಹೇಳ್ತಿದ್ರು, ಅದ್ಯಾಕೆ?" ಅಂದಳು. ಕೆಡಿಸುವ ಸೂಕ್ಷ್ಮಜೀವಿಯೂ ಒಂದು ಕೋಶವೇ ಅಮ್ಮ, ಉಪ್ಪು ಸಾಕಷ್ಟಿದ್ದರೆ ಅದರ ನೀರನ್ನೂ ಹೊರಗೆ ಎಳೆಯುತ್ತದೆ, ಅದು ಬೆಳೆಯಲಾರದು ಅಂದೆ. ಅಮ್ಮ ಭರಣಿಯೊಳಗೆ ಒಮ್ಮೆ ಇಣುಕಿ, ಇನ್ನೊಂದು ಹಿಡಿ ಉಪ್ಪು ಹಾಕಿದಳು.

ನಮಸ್ಕಾರ.