ಟರಾಂಟುಲಾ ಬೆನ್ನಡಿಯಾಗಿ ಮಲಗಿದೆಯಾ? ಮುಟ್ಟಬೇಡಿ!

[ದೃಶ್ಯ: ಗಾಜಿನ ಪೆಟ್ಟಿಗೆ. ಮೆಕ್ಸಿಕನ್ ರೆಡ್‌ನೀ ಟರಾಂಟುಲಾ ಬೆನ್ನಡಿಯಾಗಿ ಬಿದ್ದಿದೆ, ಎಂಟೂ ಕಾಲು ಮೇಲಕ್ಕೆ]

ನಮಸ್ಕಾರ. ಈ ಜೇಡ ಸತ್ತಿಲ್ಲ, ಪೊರೆ ಕಳಚ್ತಾ ಇದೆ. ಸತ್ತೇ ಹೋಯ್ತು ಅಂತ ಎಸೆಯೋಕೆ ಹೊರಡಬೇಡಿ. ಮಗುಚೋದು, ನೀರು ಚಿಮುಕಿಸೋದು ಏನೂ ಬೇಡ. ಈಗ ಇದರ ಮೈ ಎಷ್ಟು ಮೆತ್ತಗಿದೆ ಅಂದ್ರೆ, ಊಟಕ್ಕೆ ಅಂತ ನೀವು ಬಿಟ್ಟ ಕ್ರಿಕೆಟ್ ಹುಳಾನೇ ಇದನ್ನ ಕಚ್ಚಿ ಗಾಯ ಮಾಡಬಹುದು. ಪೆಟ್ಟಿಗೆಯಲ್ಲಿ ಹುಳ ಉಳಿದಿದ್ರೆ ಮೊದಲು ತೆಗೀರಿ.

ನಿಜವಾಗಿ ಗಾಬರಿಪಡಬೇಕಾದ ಭಂಗಿ ಬೇರೆ.

[ದೃಶ್ಯ: ರೇಖಾಚಿತ್ರ. ನೆಟ್ಟಗೆ ಕೂತ ಜೇಡ, ಕಾಲುಗಳು ಹೊಟ್ಟೆಯಡಿಗೆ ಮುದುರಿವೆ]

ಜೇಡದ ಕಾಲಿನ ಮುಖ್ಯ ಕೀಲುಗಳನ್ನ ಚಾಚೋಕೆ ಸ್ನಾಯುಗಳೇ ಇಲ್ಲ. ಮೈಯೊಳಗಿನ ದ್ರವದ ಒತ್ತಡದಿಂದಲೇ ಅವು ಚಾಚಿಕೊಳ್ಳೋದು. ನೀರು ಕಮ್ಮಿಯಾಗಿ ಒತ್ತಡ ಕುಸಿದ್ರೆ ಕಾಲು ಒಳಕ್ಕೆ ಮುದುರ್ತವೆ. ಹೀಗೆ ಕಂಡ್ರೆ ತಕ್ಷಣ ನೀರಿನ ಬಟ್ಟಲು ಹತ್ತಿರ ಇಡಿ.

ಪೊರೆ ಬಿಡೋ ಮುಂಚೆ ಎಷ್ಟೋ ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಜೇಡ ಊಟ ಮುಟ್ಟಲ್ಲ. ಕೂದಲುದುರಿದ ಹೊಟ್ಟೆಯ ಭಾಗ ಕಪ್ಪಗಾಗಿ ಮಿರುಗುತ್ತೆ. ಆಗ ಬಲವಂತ ಮಾಡಬೇಡಿ.

[ಹತ್ತಿರದ ಶಾಟ್: ಹೊಸ ಕೋರೆಹಲ್ಲು]

ನೋಡಿ, ಪೊರೆ ಬಿಟ್ಟ ತಕ್ಷಣ ಕೋರೆಹಲ್ಲು ಹಾಲಿನಷ್ಟು ಬಿಳಿ. ಆಮೇಲೆ ಕೆಂಪಾಗುತ್ತೆ, ಕೊನೆಗೆ ಕಪ್ಪು. ಪೂರ್ತಿ ಕಪ್ಪಾದ ಮೇಲೇ ಹುಳ ಕೊಡಿ. ದೊಡ್ಡ ಜೇಡಕ್ಕೆ ಒಂದೆರಡು ವಾರ ಬೇಕು.

ಹಿಂಗಾಲಿಂದ ಹೊಟ್ಟೆ ಕೆರೀತಾ ಇದ್ರೆ ಅದು ತುರಿಕೆಯಲ್ಲ. ಮುಳ್ಳಿನಂಥ ಸಣ್ಣ ಕೂದಲನ್ನ ನಿಮ್ಮತ್ತ ಎರಚ್ತಾ ಇದೆ. ಕಣ್ಣಿಗೆ ಬಿದ್ರೆ ಅಪಾಯ, ಮುಖ ದೂರ ಇಡಿ. ಅಮೆರಿಕ ಖಂಡಗಳ ಹಲವು ಜಾತಿಗಳಿಗೆ ಈ ಅಸ್ತ್ರ ಇದೆ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿರೋ ಪೊಯಿಸಿಲೊಥೀರಿಯಾ ಅನ್ನೋ ಟರಾಂಟುಲಾಗಳಿಗೆ ಇಲ್ಲ. ಅವು ಮಿಂಚಿನಂತೆ ಓಡ್ತವೆ, ಕಚ್ಚಿದ್ರೆ ಸ್ನಾಯು ಸೆಳೆತ ಬರುತ್ತೆ. 2019ರಲ್ಲಿ ಅವು ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿದವು. ಕಾಡಿಂದ ಹಿಡಿದು ತರೋ ಯೋಚನೇನೂ ಬೇಡ.

ಕೈಮೇಲೆ ಬಿಟ್ಕೊಂಡು ಫೋಟೊ ತೆಗೆಯೋದನ್ನ ನಾನಂತೂ ಒಪ್ಪಲ್ಲ. ಜೇಡಕ್ಕೆ ನಿಮ್ಮ ಪರಿಚಯ ಇಲ್ಲ, ಗೊತ್ತಾಗೋದು ಹೆಚ್ಚಾಗಿ ಕಂಪನ. ಸ್ವಲ್ಪ ಎತ್ತರದಿಂದ ಬಿದ್ರೂ ಹೊಟ್ಟೆ ಒಡೆದು ಸಾಯಬಹುದು.

ಮೂಲೆ ಬಿಟ್ಟು ಅಲುಗಾಡದ ಜೇಡ ಇದ್ದಕ್ಕಿದ್ದಂತೆ ರಾತ್ರಿಯೆಲ್ಲ ಗಾಜು ಹತ್ತಿ ಅಲೀತಿದ್ರೆ ಮುಂಗಾಲು ನೋಡಿ. ರೆಡ್‌ನೀಯಲ್ಲಿ ಕೊಕ್ಕೆ ಕಂಡ್ರೆ ಅದು ಪ್ರಾಯಕ್ಕೆ ಬಂದ ಗಂಡು, ಹೆಣ್ಣನ್ನ ಹುಡುಕ್ತಿದೆ. ಹೆಣ್ಣು 20 ವರ್ಷ ದಾಟಿ ಬದುಕಬಲ್ಲದು, ಗಂಡಿಗೆ ಇನ್ನು ಉಳಿದಿರೋದು ಸಾಮಾನ್ಯವಾಗಿ ಒಂದೆರಡು ವರ್ಷ. ಪೆಟ್ಟಿಗೆಯ ಮುಚ್ಚಳ ಮಾತ್ರ ಭದ್ರವಾಗಿರಲಿ.