ಬೆಳಗಿನ ಅರ್ಧ ಗಂಟೆ, ಒಂದು ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಮೂರು ಸೇರು ಅಕ್ಕಿ ಇದೆ. ಒಂದೊಂದು ಚೀಲಕ್ಕೆ ಮುಕ್ಕಾಲು ಸೇರು ತುಂಬಬೇಕು. ಎಷ್ಟು ಚೀಲ ಬೇಕು?

ಶಾಲೆಯಲ್ಲಿ ಇದಕ್ಕೆ ಏನು ಹೇಳಿಕೊಟ್ಟಿದ್ದರು, ನೆನಪಿದೆಯಾ? ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸು ಅಂತ. ಮೂರನ್ನು ನಾಲ್ಕರಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಉತ್ತರ ನಾಲ್ಕು. ಸರಿ. ಆದರೆ ಯಾಕೆ ತಲೆಕೆಳಗು ಮಾಡಬೇಕು?

ಏಳನೇ ತರಗತಿಯಲ್ಲಿ ನಾನು ಇದನ್ನು ಕೇಳಿದ್ದೆ. 'ಸುಮ್ನೆ ಹೇಳಿದಷ್ಟು ಮಾಡು' ಎಂಬ ಮಾತು ಬಂತು. ಅವತ್ತೇ ಕೇಳುವುದನ್ನು ಬಿಟ್ಟೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಲೆಕ್ಕವನ್ನೇ ಬಿಟ್ಟೆ. ಉತ್ತರ ಸಿಕ್ಕಿದ್ದು ನನಗೆ 46 ವರ್ಷ ಆದಾಗ, ನಮ್ಮ ಮನೆಯ ಅಡುಗೆಮನೆಯಲ್ಲಿ.

ಆಗ ಮಗಳು ಎಂಟನೇ ತರಗತಿ. ಒಂದು ಸಂಜೆ ಪುಸ್ತಕ ತಂದು 'ಅಮ್ಮಾ, ಇದು ಹೇಗೆ?' ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕಿಂತ, ಮೂವತ್ತು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲವಲ್ಲ ಎಂದು ಬೇಜಾರಾಯಿತು. ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು, ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಕೂತೆ. ಅರ್ಧ ಗಂಟೆ, ಅಷ್ಟೇ. ಆರು ಗಂಟೆಗೆ ಹಾಲು ಕಾಯಿಸಬೇಕಿತ್ತು.

ಮೊದಲು ಹತ್ತನೇ ತರಗತಿಯ ಪುಸ್ತಕ ಹಿಡಿದೆ. ಮೂರನೇ ದಿನಕ್ಕೇ ನಿಂತುಬಿಟ್ಟೆ. ಪಾಠ ಕಷ್ಟ ಅಂತಲ್ಲ, ಅದಕ್ಕೆ ಬೇಕಾದ ಬುನಾದಿ ನನ್ನಲ್ಲಿರಲಿಲ್ಲ. ಒಂಬತ್ತಕ್ಕೆ ಇಳಿದೆ, ಎಂಟಕ್ಕೆ ಇಳಿದೆ. ಕೊನೆಗೆ ಕಾಲು ನೆಲಕ್ಕೆ ತಾಗಿದ್ದು ಆರನೇ ತರಗತಿಯಲ್ಲಿ. ನಾಚಿಕೆ ಆಯಿತು, ನಿಜ. ಆದರೆ ಅಲ್ಲಿಂದ ಮುಂದೆ ಒಂದು ಪುಟವನ್ನೂ ಹಾರಿಸಲಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಈ ಪುಸ್ತಕಗಳೆಲ್ಲ ಕನ್ನಡದಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ.

ಭಿನ್ನರಾಶಿಯ ಪಾಠಕ್ಕೆ ಬಂದಾಗ ಹಳೆಯ ಪ್ರಶ್ನೆ ಮತ್ತೆ ಎದ್ದು ಕೂತಿತು. ನಾಲ್ಕು ದಿನ ಬೆಳಿಗ್ಗೆ ಅದರ ಮುಂದೆಯೇ ಕೂತೆ. ಐದನೇ ದಿನ ಅತ್ತೆಯವರ ಕಾಲದ ಹಿತ್ತಾಳೆ ಪಾವು ಕಣ್ಣಿಗೆ ಬಿತ್ತು. ಒಂದು ಸೇರಿಗೆ ನಾಲ್ಕು ಪಾವು. ಹಾಗಾದರೆ ಮೂರು ಸೇರು ಅಂದರೆ ಹನ್ನೆರಡು ಪಾವು. ನಾಲ್ಕರಿಂದ ಗುಣಿಸಿದ್ದು ಅದಕ್ಕೇ! ಮುಕ್ಕಾಲು ಸೇರು ಅಂದರೆ ಮೂರು ಪಾವು. ಹನ್ನೆರಡು ಪಾವನ್ನು ಮೂರು ಮೂರರಂತೆ ಚೀಲಕ್ಕೆ ತುಂಬಬೇಕು. ಮೂರರಿಂದ ಭಾಗಿಸಿದ್ದು ಅದಕ್ಕೆ! ತಲೆಕೆಳಗು ಅನ್ನುವುದು ಏನೂ ಅಲ್ಲ, ಸೇರನ್ನು ಪಾವು ಮಾಡಿ ಹಂಚಿದ್ದು. ನಿಜವಾಗಿ ಅಕ್ಕಿ ಅಳೆದು ನೋಡಿದೆ. ನಾಲ್ಕೇ ಚೀಲ. ಕಣ್ಣಲ್ಲಿ ನೀರು ಬಂತು.

ಆಮೇಲೆ ತಿಳಿಯಿತು, ಈ ನಿಯಮವನ್ನು ಸುಮಾರು 850ರಲ್ಲೇ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಬರೆದಿಟ್ಟಿದ್ದಾರೆ. ಭಾಗಿಸುವ ಭಿನ್ನರಾಶಿಯ ಛೇದವನ್ನು ಅಂಶ ಮಾಡಿ, ಆಮೇಲೆ ಗುಣಿಸು ಎಂದು. ಸಾವಿರ ವರ್ಷದಿಂದ ನಮ್ಮ ನೆಲದಲ್ಲೇ ಇದ್ದ ಮಾತು ನನ್ನ ಕೈಗೆ ಅಷ್ಟು ತಡವಾಗಿ ಬಂತು.

ದಿನಾ ಕೂತು ಕಲಿಯುವಾಗ ನಾನು ಎಡವಿದ್ದು ಒಂದೇ ಜಾಗದಲ್ಲಿ. ಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕ ಓದಿದರೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ. ಮೊಬೈಲಲ್ಲಿ ವಿಡಿಯೋ ನೋಡಿದರಂತೂ ಇನ್ನೂ ಜಾಸ್ತಿ. ಪುಸ್ತಕ ಮುಚ್ಚಿ ಪೆನ್ಸಿಲ್ ಹಿಡಿದರೆ ಎರಡನೇ ಸಾಲೇ ಬರುವುದಿಲ್ಲ. ಅದಕ್ಕೆ ಈಗ ಲೆಕ್ಕ ಮಾತ್ರ ಓದುತ್ತೇನೆ, ಕೆಳಗಿನದನ್ನು ರಟ್ಟಿನಿಂದ ಮುಚ್ಚುತ್ತೇನೆ. ನನ್ನ ಕೈಯಿಂದಾದಷ್ಟು ಬರೆದ ಮೇಲೆ ಒಂದೊಂದೇ ಸಾಲು ಸರಿಸಿ ನೋಡುತ್ತೇನೆ. ಎಲ್ಲಿ ದಾರಿ ಬೇರೆಯಾಯಿತು ಎಂಬುದು ಆಗ ಗೊತ್ತಾಗುತ್ತದೆ. ತಪ್ಪಿದ ಸಾಲನ್ನು ಅಳಿಸುವುದಿಲ್ಲ. ಪಕ್ಕದಲ್ಲಿ ಒಂದು ಗೆರೆ ಎಳೆಯುತ್ತೇನೆ.

ಹಾಗೆ ಹಿಂದಿನ ಪುಟಗಳನ್ನು ತಿರುವಿದಾಗ ಒಂದೇ ತಪ್ಪು ಮತ್ತೆ ಮತ್ತೆ ಕಂಡಿತು. ಎ ಕೂಡಿಸು ಬಿ, ಇಡೀ ವರ್ಗ ಅಂದರೆ ಎ ವರ್ಗ, ಬಿ ವರ್ಗ ಎರಡನ್ನು ಮಾತ್ರ ಬರೆಯುತ್ತಿದ್ದೆ. ನಡುವಿನ ಎರಡು ಎಬಿ ಬಿಟ್ಟೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ರಂಗೋಲಿ ಹಾಕಲು ಐದು ಸಾಲು, ಸಾಲಿಗೆ ಐದು ಚುಕ್ಕಿ ಇಟ್ಟೆ. ಒಟ್ಟು 25 ಚುಕ್ಕಿ. ಐದು ಅಂದರೆ ಮೂರು ಮತ್ತು ಎರಡು. ಒಂದು ಮೂಲೆಯಲ್ಲಿ ಮೂರು ಮೂರಲೆ ಒಂಬತ್ತು ಚುಕ್ಕಿಗೆ ಗೆರೆ ಸುತ್ತಿದೆ. ಎದುರು ಮೂಲೆಯಲ್ಲಿ ಎರಡೆರಡಲೆ ನಾಲ್ಕಕ್ಕೆ. ಬರೀ 13 ಆಯಿತು. ಉಳಿದ 12 ಎಲ್ಲಿ? ಪಕ್ಕಗಳಲ್ಲಿ ಆರು ಚುಕ್ಕಿಯ ಎರಡು ಆಯತಗಳು ಕೂತಿದ್ದವು. ಅವೇ ಆ ಎರಡು ಎಬಿ. ಆಮೇಲೆ ಆ ತಪ್ಪಿಗೆ ಗೆರೆ ಎಳೆಯುವ ಪ್ರಸಂಗ ಬರಲಿಲ್ಲ.

ಎಲ್ಲ ದಿನ ಹೀಗೆ ಆಗುವುದಿಲ್ಲ. ಅರ್ಧ ಗಂಟೆ ಪೂರ್ತಿ ಹೋಗಿ ಪುಟದ ಮೇಲೆ ತಾರೀಖು ಬಿಟ್ಟು ಏನೂ ಇಲ್ಲದ ದಿನಗಳೂ ಇವೆ. ಅಂಥ ದಿನ ಸಿಕ್ಕದ ಲೆಕ್ಕ ಎಷ್ಟೋ ಸಲ ಪಾತ್ರೆ ತೊಳೆಯುವಾಗ ತಾನಾಗಿ ಬಿಚ್ಚಿಕೊಂಡಿದೆ.

ನಾಸಿಕದ ಹತ್ತಿರ ದೇವಲಾಲಿಯಲ್ಲಿ ಕಾಪ್ರೇಕರ್ ಎಂಬ ಶಾಲಾ ಮೇಷ್ಟ್ರಿದ್ದರು. 1905ರಲ್ಲಿ ಹುಟ್ಟಿದವರು. ದೊಡ್ಡ ವಿಶ್ವವಿದ್ಯಾಲಯದ ಹುದ್ದೆಯಲ್ಲಿದ್ದವರಲ್ಲ, ಅಂಕಿಗಳ ಜೊತೆ ಜೀವನಪೂರ್ತಿ ಕೂತವರು. ಅವರು ಕಂಡುಕೊಂಡದ್ದನ್ನು ನೀವೂ ಮಾಡಿ ನೋಡಬಹುದು. ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಬಾರದು. 3524 ಅನ್ನೋಣ. ಅಂಕಿಗಳನ್ನು ಇಳಿಕೆಯಲ್ಲಿ ಬರೆಯಿರಿ, 5432. ಏರಿಕೆಯಲ್ಲಿ, 2345. ಕಳೆದರೆ 3087. ಅದಕ್ಕೂ ಹಾಗೇ ಮಾಡಿ, 8730ರಲ್ಲಿ 378 ಕಳೆದರೆ 8352. ಮತ್ತೊಮ್ಮೆ, 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174ರಲ್ಲೇ ನಿಲ್ಲುತ್ತದೆ. ಕಳೆದು ಮೂರಂಕಿ ಬಂದರೆ ಮುಂದೆ ಒಂದು ಸೊನ್ನೆ ಹಾಕಿಕೊಳ್ಳಿ, ಆಗ ಅಂಥ ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೀರಿ.

ನಾಳೆ ಬೆಳಿಗ್ಗೆ ಇದನ್ನೇ ಮೂರು ಅಂಕಿಯ ಸಂಖ್ಯೆಯಲ್ಲಿ ಮಾಡಿ. ಕಳೆದು ಎರಡಂಕಿ ಬಂದರೆ ಮುಂದೆ ಒಂದು ಸೊನ್ನೆ ಹಾಕಿಕೊಳ್ಳಿ. ಎಲ್ಲಿ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಪ್ರತಿ ಸಲ ಕಳೆದಾಗಲೂ ನಡುವಿನ ಅಂಕಿಯ ಮೇಲೆ ಕಣ್ಣಿಡಿ. ಅದು ಒಂಬತ್ತೇ ಬರುತ್ತಿರುತ್ತದೆ. ಯಾಕೆ ಒಂಬತ್ತು?

ನಮಸ್ಕಾರ.