ಗಾಡಿ ನಿಂತಲ್ಲಿ ಕಂಡ ಊರುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ನಸುಕಿಗೆ ಹೊರಟರೆ ಜೋಗ ನೋಡಿಕೊಂಡು ರಾತ್ರಿಯೊಳಗೆ ಮುಂದಿನ ಊರು ಸೇರುವ ಕಾಲ ಇದು. ನಾನು ಹೇಳಹೊರಟಿರುವುದು ಹಾಗೆ ಓಡದೆ, ಅಲ್ಲಲ್ಲೇ ತಂಗುತ್ತ ಹೋದ ಒಂದು ಹಳೆಯ ಪ್ರವಾಸದ ವಿಚಾರ.

ನಮ್ಮ ದೊಡ್ಡಪ್ಪ ಹಳೇ ಮೆಟಡೋರ್ ವ್ಯಾನೊಂದನ್ನು ಕೊಂಡು, ಕಲಾಸಿಪಾಳ್ಯದ ಗ್ಯಾರೇಜಿನಲ್ಲಿ ಸೀಟು ಕೀಳಿಸಿ, ಹಲಗೆ ಮಂಚ, ಪುಟ್ಟ ಅಡುಗೆ ಕಟ್ಟೆ, ನೀರಿನ ಡ್ರಮ್ಮು ಕೂರಿಸಿದ್ದರು. ಈಗ ಕ್ಯಾರವಾನ್ ಅಂತೀವಲ್ಲ, ಹಾಗೆ. ಗಾಡಿ ನಿಲ್ಲಿಸಿದ ಕೂಡಲೇ ಚಕ್ರಕ್ಕೆ ಕಲ್ಲು ಕೊಟ್ಟು, ಕಟ್ಟೆಯ ಮೇಲೆ ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡುವರು. ನೀರು ಒಂದು ಕಡೆ ವಾಲಿದರೆ ಗಾಡಿ ಮತ್ತೆ ಹಿಂದೆ ಮುಂದೆ ಆಗಲೇಬೇಕು. ಆಮೇಲೇ ದೊಡ್ಡಮ್ಮ ಸ್ಟೌ ಹಚ್ಚುತ್ತಿದ್ದುದು.

ದಸರಾ ರಜೆ. ಮೊದಲ ರಾತ್ರಿ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ, ಮತ್ತೆ ಬೀಳಲು 2022ರವರೆಗೆ ಕಾಯಬೇಕಾಯಿತು. ನಾವು ಕಂಡಾಗ ನೀರು ಕಡಿಮೆ. ಬೆಳಗ್ಗೆ ಬೇಗ ಹೊರಟೆವು.

ಜೋಗದಲ್ಲಿ ತಲುಪಿದ ಸಂಜೆ ಏನೂ ಕಾಣಲಿಲ್ಲ, ಬರೀ ಮಂಜು. ಕಾರಿನಲ್ಲಿ ಬಂದವರು ಕಾದು ಕಾದು ಹೊರಟುಹೋದರು. ನಮಗೆ ಮನೆ ಜೊತೆಗೇ ಇತ್ತು, ಉಳಿದೆವು. ರಾತ್ರಿಯಿಡೀ ಸದ್ದು ಮಾತ್ರ. ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ಮಂಜು ಸರಿಯತೊಡಗಿತು. ಮೊದಲು ಬಂಡೆಯ ಮೇಲೆ ಹರಡಿಕೊಂಡು ಇಳಿಯುವ ರಾಣಿ. ಆಮೇಲೆ ರಾಕೆಟ್, ರೋರರ್. ಕೊನೆಗೆ, 253 ಮೀಟರ್ ಆಳಕ್ಕೆ ನೇರ ಧುಮುಕುವ ರಾಜ. ನಾಲ್ಕನ್ನೂ ಒಟ್ಟಿಗೆ ನೋಡುವ ಮೊದಲೇ ಮಂಜು ಮತ್ತೆ ಮುಚ್ಚಿತು! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಮಳೆ ಹಿಂದೆ ಸರಿದರೆ ಜೋಗ ಸೊರಗುತ್ತದೆ. ಆ ವರ್ಷ ಮಳೆ ಇನ್ನೂ ಬಿಟ್ಟಿರಲಿಲ್ಲ, ನಮ್ಮ ಪುಣ್ಯ.

ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಭಟ್ಕಳ ದಾಟಿ ಮರವಂತೆ ಸೇರಿದೆವು. ನನ್ನ ಮಟ್ಟಿಗೆ ಆ ಪ್ರವಾಸವೆಂದರೆ ಮರವಂತೆಯೇ. ಸೌಪರ್ಣಿಕಾ ನದಿ ಕಡಲಿಗೆ ಅಷ್ಟು ಹತ್ತಿರ ಬಂದೂ ಅಲ್ಲಿ ಸೇರುವುದಿಲ್ಲ. ಪಕ್ಕಕ್ಕೆ ತಿರುಗಿ ಗಂಗೊಳ್ಳಿಯ ಬಳಿ ಸೇರುತ್ತದೆ. ನದಿಗೂ ಕಡಲಿಗೂ ನಡುವೆ ಹೆದ್ದಾರಿ. ಅವತ್ತು ಶೀಗಿ ಹುಣ್ಣಿಮೆ. ಪಡುವಣದ ಕಿಟಕಿಯಲ್ಲಿ ಸೂರ್ಯ ನೀರು ಮುಟ್ಟುತ್ತಿದ್ದ. ದೊಡ್ಡಮ್ಮ ಥಟ್ಟನೆ "ಈ ಕಡೆ ಬನ್ರೋ" ಎಂದು ಕೂಗಿದರು. ಮೂಡಣದ ಕಿಟಕಿಗೆ ಓಡಿದರೆ ಘಟ್ಟದ ಸಾಲಿನ ಹಿಂದೆ ಬೆಳಕು. ಸ್ವಲ್ಪ ಹೊತ್ತಿಗೆ ಚಂದ್ರ ಮೇಲೆದ್ದು ನದಿಯಲ್ಲಿ ಬಿದ್ದ. ಹುಣ್ಣಿಮೆಯ ಸಂಜೆ ಒಬ್ಬ ಮುಳುಗುವಾಗ ಇನ್ನೊಬ್ಬ ಏಳುತ್ತಾನೆಂದು ಶಾಲೆಯಲ್ಲಿ ಓದಿದ್ದೆ. ಎರಡನ್ನೂ ಒಂದೇ ಕೋಣೆಯಿಂದ ನೋಡಿದ್ದು ಅಲ್ಲೇ.

ಮಂಜು ಸರಿಯುವವರೆಗೆ, ಚಂದ್ರ ಏಳುವವರೆಗೆ ಇರಲು ಸಾಧ್ಯವಾದದ್ದಕ್ಕೇ ಆ ಊರುಗಳು ನಮಗೆ ದಕ್ಕಿದವು. ಈಗ ಮರವಂತೆಯಲ್ಲಿ ಚತುಷ್ಪಥ, ಕಡಲ ಕಡೆಗೆ ಬಂಡೆಗಳ ತಡೆ. ರಸ್ತೆ ಅಂಚಿನಲ್ಲಿ ರಾತ್ರಿ ನಿಲ್ಲುವುದು ಅಪಾಯ, ದಯವಿಟ್ಟು ಬೇಡ. ನೀರು, ಶೌಚಾಲಯ, ದೀಪವಿರುವ ಒಂದು ಬಯಲು ಇಂಥ ಪ್ರತಿ ತಾಣದಲ್ಲೂ ಬೇಕು. ದಿನವಿಡೀ ಲಾರಿ ಓಡಿಸುವವರಿಗೂ ಅದು ಬೇಕು. ಶೀಗಿ ಹುಣ್ಣಿಮೆಗೆ ಆ ಕಡೆ ಹೋಗುವವರು ಊರಲ್ಲೇ ರೂಮು ಹಿಡಿದು, ಸಂಜೆ ಆರರೊಳಗೆ ದಂಡೆ ಸೇರಿಕೊಳ್ಳಿ. ಸೂರ್ಯ ಮುಳುಗಿದನೆಂದು ಎದ್ದು ಬರಬೇಡಿ, ನದಿಯ ಕಡೆ ತಿರುಗಿ ಕೂತುಕೊಳ್ಳಿ.

ನಮಸ್ಕಾರ.